ಜೇವರ್ಗಿಯ ಕೆ.ಬಿ. ಸಾಹೇಬರು

ನಮ್ಮ ಮನೆಯಲ್ಲಿ ಒಂದು ಹಾಕಿ ಸ್ಟಿಕ್ ಇದೆ. ನನ್ನ ಹೆಂಡತಿ ಶಾಂತಾ ಅದರ ಬಾಗಿದ ತುದಿಯಿಂದ ಅಲಮಾರಿಯ ಮೇಲಿನ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ಎಳೆದುಕೊಳ್ಳುತ್ತಾಳೆ. ಅದಕ್ಕಿಂತ ಹೆಚ್ಚಿನ ಉಪಯೋಗ ಅದರಿಂದ ಆದದ್ದನ್ನು ಮದುವೆಯಾದಾಗಿನಿಂದ ಆಕೆ ಕಂಡಿಲ್ಲ. ನಿಮ್ಮೆದುರು ಮುಚ್ಚುಮರೆ ಯಾಕೆ? ಕಾಲೇಜು ತಂಡದಲ್ಲಿ ನಾನು ಆಡಿದ್ದು ಎರಡೂವರೆ ಪಂದ್ಯ. ಆ ಅರ್ಧ ಪಂದ್ಯದಲ್ಲಿ ನನ್ನನ್ನು ಹೊರಗೆ ಕರೆದದ್ದು ಗಾಯವಾಗಿದ್ದಕ್ಕಲ್ಲ. ಚೆಂಡು ಬರುವ ಕಡೆ ಬಿಟ್ಟು ಬಾರದ ಕಡೆಗೆ ನಾನು ಓಡುತ್ತಿದ್ದೇನೆ ಎಂಬುದು ತರಬೇತುದಾರರ ಕಣ್ಣಿಗೆ ಬಿದ್ದದ್ದಕ್ಕೆ. ಆದರೆ ಆಳಂದದಲ್ಲಿ ನಾನು ಇಪ್ಪತ್ತೆಂಟು ವರ್ಷದಿಂದ ಗಣಿತದ ಮಾಸ್ತರ. ನಾನು ಹೇಳಿದ ಲೆಕ್ಕವನ್ನು ಯಾರೂ ತಾಳೆ ನೋಡುವುದಿಲ್ಲ. 'ಸರ್ ಒಂದ್ ಕಾಲಕ್ಕ ದೊಡ್ಡ ಹಾಕಿ ಪ್ಲೇಯರ್' ಎಂಬ ಮಾತು ಊರಲ್ಲಿ ತಾನಾಗಿಯೇ ಹುಟ್ಟಿಕೊಂಡಿತು. ನಾನು ಅದಕ್ಕೆ ನೀರೆರೆಯಲಿಲ್ಲ, ಕಿತ್ತೂ ಹಾಕಲಿಲ್ಲ.

ಹಾಕಿಗೂ ನನಗೂ ನಂಟು ಹತ್ತಿದ್ದೇ ಹೊಟ್ಟೆಕಿಚ್ಚಿನಿಂದ. ಸಣ್ಣವರಿದ್ದಾಗ ನಾವು ಆಡುತ್ತಿದ್ದದ್ದು ಜಾಲಿ ಗಿಡದ ಡೊಂಕು ಕೊಂಬೆಯಿಂದ. ಹಳೆ ಧೋತರದ ಚಿಂದಿ ಸುತ್ತಿ, ಮೇಲೆ ಸೈಕಲ್ ಟ್ಯೂಬಿನ ಉಂಗುರ ಹಾಕಿದರೆ ಚೆಂಡು. ಎರೆಮಣ್ಣಿನ ಬಯಲು ಬೇಸಿಗೆಗೆ ಬಿರುಕು ಬಿಡುತ್ತಿತ್ತು, ಆ ಬಿರುಕಿನೊಳಗೆ ಚೆಂಡು ಸೇರಿದರೆ ಎಲ್ಲರೂ ಮಂಡಿಯೂರಿ ಹುಡುಕಬೇಕು. ಹೀಗಿರುವಾಗ ವರ್ಗವಾಗಿ ಬಂದ ಅಧಿಕಾರಿಯೊಬ್ಬರ ಮಗ ನಿಜವಾದ ಸ್ಟಿಕ್ ಹಿಡಿದುಕೊಂಡು ಬಯಲಿಗೆ ಬಂದ. ಹಿಡಿಗೆ ಹಳದಿ ಪಟ್ಟಿ, ತುದಿ ಕನ್ನಡಿಯಂತೆ ನುಣುಪು. ಅದು ಮುರಿಯಲಿ ಎಂದು ನಾನು ನಮ್ಮ ಮನೆದೇವರಿಗೆ ಹನ್ನೊಂದು ದಿನ ಊದುಬತ್ತಿ ಹಚ್ಚಿದೆ. ದೇವರು ದೊಡ್ಡವನು, ಅದು ಮುರಿಯಿತು. ಮುಂದಿನ ವಾರ ಅವನಿಗೆ ಅದಕ್ಕಿಂತ ಚಂದದ ಇನ್ನೊಂದು ಬಂತು. ಹೊಟ್ಟೆಕಿಚ್ಚಿನಿಂದ ಕಿಚ್ಚು ಪಟ್ಟವನಿಗೇ ನಷ್ಟ ಎಂದು ನಾನು ಅಂದೇ ಕಲಿಯಬೇಕಿತ್ತು. ಕಲಿತದ್ದು, ಅದನ್ನು ಮುಖದ ಮೇಲೆ ಕಾಣದಂತೆ ಇಟ್ಟುಕೊಳ್ಳುವುದನ್ನು ಮಾತ್ರ.

ಈಗ ಬಯಲು ಫೋನಿನೊಳಗೆ ಬಂದಿದೆ. ನಮ್ಮ ಭಾಗದ ಹುಡುಗಿಯರ ಹಾಕಿ ತಂಡವೊಂದು ನಾಲ್ಕೈದು ವರ್ಷದಿಂದ ಚೆನ್ನಾಗಿ ಆಡುತ್ತಿದೆ. ನಾವು ಅದನ್ನು ಭೀಮಾ ತಂಡ ಎನ್ನುತ್ತೇವೆ. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ಕಡೆಯ ಹುಡುಗಿಯರು ಅದರಲ್ಲಿದ್ದಾರೆ, ಮೂರೂ ಕಡೆಯ ಅಭಿಮಾನಿಗಳು ವಾಟ್ಸಾಪಿನ ಒಂದು ಗುಂಪಿನಲ್ಲಿದ್ದಾರೆ. ಆ ಗುಂಪು ಕಟ್ಟಿದವನು ನಾನು. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಒಂದು ಸಲ ಅದನ್ನು ತೆರೆದು ನೋಡದಿದ್ದರೆ ನನಗೆ ಬೆಳಗಾದ ಹಾಗೆ ಅನಿಸುವುದಿಲ್ಲ.

ಗುಂಪಿನಲ್ಲಿ ನನ್ನ ಸ್ಥಾನ ದೊಡ್ಡದಿತ್ತು. ನನ್ನ ಹಳೆಯ ಸಹಪಾಠಿಯೊಬ್ಬ ತಂಡ ಆರಿಸುವವರ ಜೊತೆ ಓಡಾಡಿಕೊಂಡಿದ್ದ. ಅವನು ಆಗೀಗ ಫೋನಿನಲ್ಲಿ ಉದುರಿಸಿದ ಒಂದೆರಡು ಮಾತನ್ನು ನಾನು ಗುಂಪಿನಲ್ಲಿ 'ಒಳಗಿನ ಸುದ್ದಿ' ಎಂದು ಬಡಿಸುತ್ತಿದ್ದೆ. ಒಮ್ಮೆಗೇ ಎಲ್ಲ ಹೇಳುತ್ತಿರಲಿಲ್ಲ. 'ಒಂದು ಬದಲಾವಣೆ ಆಗುವ ಸಾಧ್ಯತೆ ಇದೆ' ಎಂದಷ್ಟೇ ಬರೆದು ಚಹಾ ಕುಡಿಯಲು ಕೂರುತ್ತಿದ್ದೆ. ಚಹಾ ಮುಗಿಯುವುದರೊಳಗೆ ಅಫಜಲಪುರದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿರುವ ಗೆಳೆಯ ಮಹಿಬೂಬನ ಫೋನು ಬರುತ್ತಿತ್ತು.

"ಸರ್, ಯಾರ್ರಿ? ನನಗಷ್ಟೇ ಹೇಳ್ರಿ. ಅಲ್ಲಾನಾಣಿ, ಯಾರಿಗೂ ಹೇಳಲ್ಲ."

"ತಡಿ ಮಹಿಬೂಬ, ಮ್ಯಾಲಿಂದ ಇನ್ನಾ ಪಕ್ಕಾ ಆಗ್ಬೇಕು," ಎನ್ನುತ್ತಿದ್ದೆ. ಮೇಲೆ ಯಾರೂ ಇರಲಿಲ್ಲ, ಫ್ಯಾನು ಒಂದು ತಿರುಗುತ್ತಿತ್ತು. ಆದರೂ ಆ ಮಾತು ಹೇಳುವಾಗಿನ ಸುಖವನ್ನು ನಾನು ನಿಮಗೆ ವರ್ಣಿಸಲಾರೆ.

ಆಮೇಲೆ ಸಹಪಾಠಿ ಸ್ವಯಂ ನಿವೃತ್ತಿ ಪಡೆದು ಮಗಳ ಊರು ಸೇರಿದ. ನನ್ನ ಬಾವಿ ಬತ್ತಿತು. ಸರಿಯಾಗಿ ಅದೇ ಹೊತ್ತಿಗೆ 'ಕೆ.ಬಿ. ಜೇವರ್ಗಿ' ಎಂಬ ಹೆಸರಿನ ಸದಸ್ಯರೊಬ್ಬರು ಗುಂಪಿಗೆ ಬಂದರು. ಫೋಟೊ ಇಲ್ಲ, ಮೊದಲ ಎರಡು ತಿಂಗಳು ಮಾತೂ ಇಲ್ಲ. ಒಂದು ದಿನ ಮುಂಜಾನೆ ಒಂದೇ ಸಾಲು ಬರೆದರು: 'ಇವತ್ತು ಹೊಸ ಹುಡುಗಿ ಗೋಲು ಕಾಯ್ತಾಳ.'

ನಾನು ನಗುವ ಮುಖದ ಚಿತ್ರ ಹಾಕಿದೆ. ಹಳೆಯ ಗೋಲ್‌ಕೀಪರಿನ ಅನುಭವ ಎಷ್ಟು, ಅವಳನ್ನು ಕೂರಿಸಿದರೆ ಏನಾದೀತು ಎಂದು ಹನ್ನೆರಡು ಸಾಲು ಬರೆದೆ. ಮಧ್ಯಾಹ್ನ ಹೊಸ ಹುಡುಗಿಯೇ ಗೋಲು ಕಾದಳು, ಎರಡು ಪೆನಾಲ್ಟಿ ಕಾರ್ನರ್ ತಡೆದಳು. ಸಂಜೆಗೆ ನನ್ನ ಹನ್ನೆರಡು ಸಾಲಿನ ಕೆಳಗೆ ಬೇರೆಯವರ ನಗುವ ಮುಖಗಳು ಸಾಲುಗಟ್ಟಿ ನಿಂತಿದ್ದವು.

ಮುಂದಿನ ವಾರ ಕೆ.ಬಿ. ಬರೆದರು: 'ಬಲಗಡೆ ಆಡಾಕಿ ಇನ್ನ ನಡುವ ಆಡ್ತಾಳ.' ಆಡಿದಳು. ಮತ್ತೊಮ್ಮೆ ಬರೆದರು: 'ನಾಯಕಿ ಬದಲ್ ಆಗಲ್ಲ, ಸುಮ್ನೆ ಗದ್ಲ ಮಾಡಬ್ಯಾಡ್ರಿ.' ಆಗಲಿಲ್ಲ. ಒಂದು ಸಾಲಿಗಿಂತ ಹೆಚ್ಚು ಬರೆದದ್ದೇ ಇಲ್ಲ. 'ಮೂಲಗಳ ಪ್ರಕಾರ' ಇಲ್ಲ, 'ನಾನು ಮೊದಲೇ ಹೇಳಿದ್ದೆ' ಎಂಬುದೂ ಇಲ್ಲ. ಗೆದ್ದವರು ಜಂಬ ಕೊಚ್ಚಿದರೆ ಹೇಗೋ ತಡೆದುಕೊಳ್ಳಬಹುದು. ಸುಮ್ಮನಿದ್ದರೆ ಮಾತ್ರ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದ ಹಾಗಾಗುತ್ತದೆ. ನಮ್ಮ ಗುಂಪು ಅವರನ್ನು ಕೆ.ಬಿ. ಸಾಹೇಬರು ಎಂದು ಕರೆಯತೊಡಗಿತು. ದೊಡ್ಡ ಹುದ್ದೆಯವರಿರಬೇಕು ಎಂದು ಒಬ್ಬ, ತಂಡದ ಡಾಕ್ಟರೇ ಇರಬೇಕು ಎಂದು ಇನ್ನೊಬ್ಬ. ಒಂದು ದಿನ ನಾನು ಆಟದ ಬಗ್ಗೆ ಏನೋ ಅಭಿಪ್ರಾಯ ಬರೆದರೆ ಕೆಳಗೆ ಮಹಿಬೂಬನೇ ಹಾಕಿದ: 'ಕೆ.ಬಿ. ಸಾಹೇಬ್ರು ಏನಂತಾರ ನೋಡಮು.' ನನ್ನ ಮಹಿಬೂಬ! ಅಲ್ಲಾನಾಣಿ ಹಾಕುತ್ತಿದ್ದ ಮಹಿಬೂಬ!

ಅಂದು ಒಂಬತ್ತನೆಯ ತರಗತಿಯಲ್ಲಿ ವೃತ್ತದ ಸುತ್ತಳತೆ ಹೇಳಿಕೊಡುತ್ತ ಕರಿಹಲಗೆಯ ಮೇಲೆ ಕ್ಷೇತ್ರಫಲದ ಸೂತ್ರ ಬರೆದೆ. ಮನೆಯಲ್ಲಿ ಉಣ್ಣುವಾಗ ಕೆ.ಬಿ. ಯಾರಿರಬಹುದು ಎಂದು ನಾನು ಮೂರನೆಯ ಸಲ ಲೆಕ್ಕ ಹಾಕುತ್ತಿದ್ದೆ. ಶಾಂತಾ ಪಲ್ಯದ ಬಟ್ಟಲು ಕೆಳಗಿಟ್ಟಳು.

"ದಿನಾ ಮೂರು ಹೊತ್ತು ಅವ್ರ ಹೆಸರ ತಗೋತೀರಿ. ನನ್ನ ಹೆಸರ ಹಿಡಿದು ಕರ್ದು ಎಷ್ಟ್ ದಿನ ಆಯ್ತ್ರಿ?"

ನಾನು ಲೆಕ್ಕ ಹಾಕಿದೆ. ಉತ್ತರ ಹೇಳುವಂತಿರಲಿಲ್ಲ.

ರಾಜ್ಯಮಟ್ಟದ ಪಂದ್ಯಾವಳಿಗೆ ತಂಡದ ಪಟ್ಟಿ ಬರಲು ನಾಲ್ಕು ದಿನವಿತ್ತು. ಜೇವರ್ಗಿಯಲ್ಲಿ ಶಿಬಿರ ನಡೆದಿತ್ತು. ಇಡೀ ಗುಂಪು ಕೆ.ಬಿ. ಸಾಹೇಬರ ಒಂದು ಸಾಲಿಗೆ ಕಾಯುತ್ತ ಕೂತಿತ್ತು. ಆ ಕಾಯುವಿಕೆಯನ್ನು ನೋಡಲಾಗದೆ ನಾನು ಹಿಂದಿನ ಪಂದ್ಯದ ತುಣುಕು ವಿಡಿಯೊವೊಂದನ್ನು ತೆರೆದು ಕೂತೆ. ಅದರಲ್ಲಿ ಆಳಂದ ಕಡೆಯ ಖಜೂರಿಯ ಹುಡುಗಿ ಅಶ್ವಿನಿ, ನಮ್ಮ ತಂಡದ ಹಿಂಬದಿಯ ಕೋಟೆಯಂಥವಳು, ಚೆಂಡು ಹೊಡೆದ ಮೇಲೆ ಒಂದು ಹೆಜ್ಜೆ ಎಳೆದಂತೆ ಕಂಡಿತು. ಒಂದೇ ಹೆಜ್ಜೆ. ಬೂಟಿನೊಳಗೆ ಹರಳು ಸಿಕ್ಕಿದ್ದರೂ ಯಾರಾದರೂ ಅಷ್ಟು ಎಳೆಯುತ್ತಾರೆ. ನಾನು ಬರೆದೆ: 'ಒಳಗಿನ ಸುದ್ದಿ, ನೂರಕ್ಕೆ ನೂರು ಖಚಿತ. ಅಶ್ವಿನಿಯ ಮೊಣಕಾಲು ಕೆಟ್ಟಿದೆ. ಮುಚ್ಚಿಡುತ್ತಿದ್ದಾರೆ. ಪಟ್ಟಿಯಲ್ಲಿ ಅವಳ ಹೆಸರು ಇರುವುದಿಲ್ಲ.'

ಬೆರಳು ಎತ್ತುವುದರೊಳಗೆ ಗುಂಪು ಹೊತ್ತಿಕೊಂಡಿತು. ಅಯ್ಯೋ, ಹೌದಾ, ಯಾವಾಗ, ಯಾರಂದ್ರು ಎಂದು ಪ್ರಶ್ನೆಗಳ ಸುರಿಮಳೆ. ಮಹಿಬೂಬ ಬರೆದ: 'ಸರ್ ಅಂದ್ರ ಸರ್!' ನಾನು ಕಾದದ್ದು ಒಬ್ಬರ ಉತ್ತರಕ್ಕೆ. ಕೆ.ಬಿ. ಓದಿದ್ದಾರೆ ಎಂದು ಫೋನು ತೋರಿಸಿತು, ಉತ್ತರ ಬರಲಿಲ್ಲ. ಸಾಹೇಬರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ! ಅದು ನಾನೇ ಹುಟ್ಟಿಸಿದ ಸುಳ್ಳು ಎಂಬುದು ಆ ಕ್ಷಣಕ್ಕೆ ನನಗೆ ಮರೆತೇ ಹೋಗಿತ್ತು. ಅಂದು ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಮರುದಿನ ಬೆಳಿಗ್ಗೆ ಶಾಲೆಗೆ ಹೊರಡುವಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹಿಂದೆ ಲಾರಿಯ ಸದ್ದು.

"ಸರ್ರ, ನಮಸ್ಕಾರ್ರಿ. ನಾ ಖಜೂರಿ ಹಣಮಂತ ಮಾತಾಡಾಕತ್ತೇನ್ರಿ, ಅಶ್ವಿನಿ ಅಪ್ಪ. ತೊಗರಿ ಲೋಡ್ ತಗೊಂಡು ಉಮರ್ಗಾ ಕಡಿ ಹೊಂಟಿದ್ದೆ. ನಿಮ್ಮ ಮೆಸೇಜ್ ಯಾರೋ ಕಳಿಸ್ಯಾರ್ರಿ. ನನ್ನ ಮಗಳ ಕಾಲಿಗಿ ಏನಾಗ್ಯದ್ರಿ?"

ನಾನು ಹೆಗಲ ಚೀಲವನ್ನು ಮತ್ತೆ ಕೆಳಗಿಟ್ಟೆ.

"ಆಕಿಗಿ ಕೇಳ್ದೆ, ಏನೂ ಆಗಿಲ್ಲಪ್ಪ ಅಂತಾಳ. ಆಣಿ ಮಾಡಿ ಹೇಳ್ತಾಳ. ಖರೆ, ನೀವು ಮಾಸ್ತರ್ರು ಅದೀರಿ, ನೀವ್ಯಾಕ ಸುಳ್ಳ ಹೇಳ್ತೀರಿ? ಆಕೀನೇ ನಮಗ ಮುಚ್ಚಿಡಾಕತ್ತಾಳ. ಆಕಿ ಅವ್ವ ಮುಂಜಾನಿಂದ ಚಹಾ ಸುದ್ದಾ ಕುಡಿದಿಲ್ರಿ. ಆಪರೇಷನ್ ಬೀಳ್ತದೇನ್ರಿ? ಇದ್ದದ್ದು ಇದ್ದಂಗ ಹೇಳ್ರಿ ಸರ್ರ, ನಾ ಗಟ್ಟಿ ಅದೇನಿ."

'ನಾನು ಬರೆದದ್ದು ಸುಳ್ಳು' ಎಂದು ಹೇಳಲು ಮೂರು ಶಬ್ದ ಸಾಕು. ನಾನು ಹೇಳಿದ್ದು, "ವಿಚಾರ್ಸಿ ಹೇಳ್ತೇನ್ರಿ." ಅವರು ನನ್ನ ಉಪಕಾರ ಹೊತ್ತವರಂತೆ ಎರಡು ಸಲ 'ಕೈಮುಗೀತೇನ್ರಿ' ಎಂದು ಹೇಳಿ ಫೋನಿಟ್ಟರು.

ಶಾಲೆಗೆ ರಜೆ ಹಾಕಿ ಕಲಬುರಗಿಯ ಬಸ್ಸು ಹತ್ತಿದೆ. ಶಾಂತಾಳಿಗೆ ಕೆಲಸವಿದೆ ಎಂದಷ್ಟೇ ಹೇಳಿದೆ. ಕಡಗಂಚಿ ದಾಟುವವರೆಗೆ ನನಗೆ ಒಂದೇ ಯೋಚನೆ: ಯಾರಿಗೂ ತಿಳಿಯದ ಹಾಗೆ ಇದನ್ನು ಹೇಗೆ ಸರಿಪಡಿಸುವುದು? 'ಮೊಣಕಾಲು ವಾಸಿಯಾಗಿದೆ' ಎಂದು ಇನ್ನೊಂದು ಒಳಗಿನ ಸುದ್ದಿ ಹಾಕಿದರೆ ಹೇಗೆ ಎಂದೂ ಅನಿಸಿತು. ಸುಳ್ಳಿಗೆ ಸುಳ್ಳನ್ನೇ ಮುಲಾಮು ಹಚ್ಚುವ ಈ ಬುದ್ಧಿವಂತಿಕೆ ನನಗೆ ಎಷ್ಟು ಹಿಡಿಸಿತೆಂದರೆ, ಕಲಬುರಗಿಯಲ್ಲಿ ಬಸ್ಸು ಬದಲಿಸುವಾಗ ಅದರ ವಾಕ್ಯವನ್ನೂ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಭೀಮಾ ಸೇತುವೆ ಬಂತು. ಪಕ್ಕದ ಮುದುಕಿ ನೀರಿಗೆ ಕೈಮುಗಿದಳು. ನಾನು ಮುಖ ತಿರುಗಿಸಿ ಕೂತೆ.

ಜೇವರ್ಗಿಯ ಮೈದಾನದಲ್ಲಿ ಅಭ್ಯಾಸ ಪಂದ್ಯ ಮುಗಿಯುತ್ತ ಬಂದಿತ್ತು. ತಂಡ ಆರಿಸುವವರು ಮರದ ನೆರಳಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಅಶ್ವಿನಿ ಆಡುತ್ತಿರಲಿಲ್ಲ. ಗೆರೆಯ ಆಚೆ ಒಬ್ಬಳೇ ನಿಂತು, ಸ್ಟಿಕ್ಕಿನ ತುದಿಯಲ್ಲಿ ಚೆಂಡು ಕುಣಿಸುತ್ತಿದ್ದಳು. ಅಲ್ಲಿದ್ದವರನ್ನು ಕೇಳಿದರೆ, ಕಾಲಿನ ಬಗ್ಗೆ ಏನೋ ಮಾತು ಬಂದಿದೆಯಂತೆ, ಡಾಕ್ಟರ್ ಚೀಟಿ ತರುವವರೆಗೆ ಕೂರಿಸಿದ್ದಾರೆ ಎಂದರು. ತರಬೇತುದಾರರು ಆರಿಸುವವರ ಜೊತೆ ಮಾತಿಗೆ ಕೂತಿದ್ದರು, ಈಗ ಸಿಗುವುದಿಲ್ಲ. "ಹುಡುಗ್ಯಾರು ಊಟಕ್ಕ ಬರ್ತಾರ್ರಿ. ಆ ಖಾನಾವಳಿ ಅಕ್ಕಾರ ಕಡಿ ಕುಂದರ್ರಿ," ಎಂದು ಒಬ್ಬರು ದಾರಿ ತೋರಿಸಿದರು.

ಮೈದಾನದ ಹಿಂದೆ ತಗಡಿನ ಖಾನಾವಳಿ. ಒಳಗೆ ಗೋಡೆಯ ಮೇಲೆ ಬುದ್ಧನದೊಂದು ಫೋಟೊ, ಅದರ ಪಕ್ಕ ನಮ್ಮ ತಂಡದ್ದೊಂದು. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಒಲೆ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಹಿಟ್ಟು ನಾದುವ ಮರದ ಕೊಣಮಿಗೆಯ ಪಕ್ಕ ಫೋನು ನಿಲ್ಲಿಸಿಟ್ಟಿತ್ತು. ಅದರ ಮೇಲೆ ತೆರೆದಿದ್ದದ್ದು ನಮ್ಮ ಗುಂಪು.

"ಬರ್ರಿ, ಕುಂದರ್ರಿ. ಎಲ್ಲಿಂದ ಬಂದೀರಿ?" ಎಂದರು.

"ಆಳಂದದಿಂದ್ರಿ."

ಅವರು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಅದರ ಮೇಲೆ ನೀರು ಸವರಿ, ಆಮೇಲೆ ನನ್ನ ಕಡೆ ತಿರುಗಿದರು. "ಗಣಿತದ ಮಾಸ್ತರ್ರಾ?"

ನಾನು ತಲೆಯಾಡಿಸಿದೆ.

"ನಾ ಕಮಲಾಬಾಯಿ ರಿ. ನಿಮ್ಮ ಗುಂಪಿನ್ಯಾಗ ಅದೇನಿ. ಕೆ.ಬಿ. ಅಂತ ಬರ್ತದ ನೋಡ್ರಿ."

ಡಾಕ್ಟರು, ಅಧಿಕಾರಿ, ಹಳೆ ಆಟಗಾರ ಎಂದು ಏನೇನೋ ಊಹಿಸಿ ಕಿಚ್ಚಿಗೆ ತುಪ್ಪ ಸುರಿದುಕೊಂಡಿದ್ದೆ. ಈಗ ನೋಡಿದರೆ ಕೆ.ಬಿ. ಸಾಹೇಬರ ಮೊಣಕೈವರೆಗೆ ಹಿಟ್ಟು. "ಮತ್ತ ಯಾರಿಗೂ ಹೇಳೇ ಇಲ್ಲಲ್ರಿ ಅಕ್ಕಾರ, ನೀವು ಹೆಣ್ಮಗಳು ಅಂತ?" ಎಂದೆ.

"ಯಾರೂ ಕೇಳಿಲ್ರಿ. ಕೇಳಿದ್ರ ಹೇಳ್ತಿದ್ದೆ."

ಒಳಗಿನ ಸುದ್ದಿ ಹೇಗೆ ಸಿಗುತ್ತದೆ ಎಂದು ಕೇಳಿದೆ. ಅದಕ್ಕಾಗಿಯೇ ಬಂದವನ ಹಾಗೆ ಕೇಳಿದೆ. ಅವರು ನಕ್ಕರು.

"ಏಳು ವರ್ಷ ಆಯ್ತ್ರಿ ಇಲ್ಲಿ ಪ್ರಾಕ್ಟೀಸ್‌ಗಿ ಬರೋ ಈ ಹುಡುಗ್ಯಾರಿಗಿ ಊಟಕ್ಕ ಹಾಕಾಕತ್ತಿ. ಉಣ್ಣಾಗ ಎಲ್ಲಾ ಮಾತಾಡ್ತಾವ್ರಿ ಅವು. ಯಾರ್ ಎಲ್ಲಿ ಆಡ್ತಾರ, ಕೋಚ್ ಯಾರಿಗಿ ಬೈದ್ರು. ನಾ ಒಂದ್ ದಿನಾನೂ ಸ್ಟಿಕ್ ಹಿಡಿದಾಕಿ ಅಲ್ಲ. ಬರೇ ಕೇಳಿ ಕೇಳಿ ತಿಳಿದದ ನೋಡ್ರಿ."

ಎರಡೂವರೆ ಪಂದ್ಯ ಆಡಿದವನಿಗೆ ಅದು ಚುಚ್ಚಿತು. ಇನ್ನೂ ಚುಚ್ಚುವುದು ಬಾಕಿ ಇತ್ತು. ಅವರು ರೊಟ್ಟಿ ತಿರುವಿ ಹಾಕುತ್ತ ದನಿ ತಗ್ಗಿಸಿದರು.

"ನಿಮ್ಮ ಮೆಸೇಜ್ ನೋಡಿ ನನಗ ಎದಿ ಧಸಕ್ ಅಂತು. ಯಾಕಂದ್ರ ಈ ತಂಡದಾಗ ಒಬ್ಬಾಕಿ ಕಾಲಿಗಿ ಖರೇನೇ ತ್ರಾಸ್ ಅದ. ಆಕಿಗಿ ಗೊತ್ತು, ಡಾಕ್ಟರ್‌ಗಿ ಗೊತ್ತು, ಕೋಚ್‌ಗಿ ಗೊತ್ತು, ನನಗ ಗೊತ್ತು. ಔಷಧ ನಡದದ, ಆರಾಮ್ ಆಗಾಕತ್ತದ. ಅದು ಹೊರಗ ಬಂತೇನೋ ಅಂತ ಅಂಜಿದೆ. ನೋಡಿದ್ರ ನೀವು ಬ್ಯಾರೆಯಾಕಿ ಹೆಸರ್ ಬರ್ದೀರಿ."

"ಯಾರ್ರಿ ಆಕಿ?" ನನ್ನ ಬಾಯಿಂದ ಥಟ್ಟನೆ ಬಂತು.

ನಾನು ಯಾಕೆ ಬಂದಿದ್ದೇನೆ, ಖಜೂರಿಯ ಒಂದು ಮನೆಯಲ್ಲಿ ಬೆಳಗಿನಿಂದ ಚಹಾ ಕುಡಿಯದೆ ಕೂತವಳು ಯಾರು, ಎಲ್ಲ ಮರೆತು ನನ್ನ ನಾಲಿಗೆ ಸುದ್ದಿಗೆ ಚಾಚಿತ್ತು. ಕಮಲಾಬಾಯಿ ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ, ಹುಡುಗರು ತಿಂಡಿಗೆ ಕೈ ಹಾಕಿದಾಗ ನೋಡುತ್ತಾರಲ್ಲ, ಹಾಗೆ.

"ಆಟದ ಸುದ್ದಿ ಹೇಳ್ತೇನ್ರಿ ನಾ. ಮೈ ಸುದ್ದಿ ಹೇಳಲ್ಲ," ಎಂದರು.

ಅಷ್ಟರಲ್ಲಿ ಹುಡುಗಿಯರು ಬಂದರು. ಎಲ್ಲರ ಹಿಂದೆ ಅಶ್ವಿನಿ. "ಬಾ ಬೇ ಇಲ್ಲಿ, ಬಿಸಿದು ಅದ," ಎಂದು ಕಮಲಾಬಾಯಿ ಅವಳನ್ನು ಒಲೆಯ ಹತ್ತಿರ ಕೂರಿಸಿಕೊಂಡರು. ನಾನು ಬಸ್ಸಿನಲ್ಲಿ ಜೋಡಿಸಿಟ್ಟ ವಾಕ್ಯ ಒಂದೂ ನೆನಪಾಗಲಿಲ್ಲ. ಎದ್ದು ನಿಂತೆ, ತರಗತಿಯಲ್ಲಿ ತಪ್ಪು ಮಾಡಿದ ಹುಡುಗರು ನಿಲ್ಲುವ ಹಾಗೆ.

"ಅಶ್ವಿನಿ, ಆ ಸುದ್ದಿ ಬರ್ದಾಂವ ನಾನು. ನನಗ ಯಾರೂ ಏನೂ ಹೇಳಿರ್ಲಿಲ್ಲ. ಸುಳ್ಳು ಬರ್ದೆ."

ಹುಡುಗಿ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಇಟ್ಟಳು. "ಯಾಕ್ರಿ ಸರ್?" ಎಂದಳು.

ಯಾಕೆ? ಈ ಒಲೆಯ ಮುಂದೆ ಕೂತವರ ಮೇಲಿನ ಹೊಟ್ಟೆಕಿಚ್ಚಿಗೆ ಎಂದು ಹೇಳಬೇಕಿತ್ತು. ಕಮಲಾಬಾಯಿಯ ಎದುರು ಅದನ್ನು ಹೇಳಲು ಆಗಲಿಲ್ಲ. ತಲೆ ತಗ್ಗಿಸಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳಿದಳು:

"ಕೋಚ್‌ಗಿ ನಾ ಓಡಿ ತೋರಿಸ್ತೇನ್ರಿ. ಅಪ್ಪಗ ನೀವು ಹೇಳ್ರಿ. ನಾ ಹೇಳಿದ್ರ ನಂಬವಲ್ಲ. ನಿನ್ನಿತನಕ ನಾ ಅಂದಿದ್ದೆಲ್ಲಾ ನಂಬ್ತಿದ್ದ."

ಅಲ್ಲಿಯೇ, ಅವರೆಲ್ಲರ ಎದುರಿಗೇ ಫೋನು ಹಚ್ಚಿದೆ. ಸ್ಪೀಕರ್ ಹಾಕಿ ಎಂದು ಅಶ್ವಿನಿ ಕೈಸನ್ನೆ ಮಾಡಿದಳು. ಹಣಮಂತರು ಮೊದಲ ರಿಂಗಿಗೇ ಎತ್ತಿದರು. ಆಗ ಹೇಳಬೇಕಿದ್ದ ಆ ಮೂರು ಶಬ್ದಗಳನ್ನು ಈಗ ಹೇಳಿದೆ. ಆಚೆ ಕಡೆ ಲಾರಿ ನಿಂತ ಸದ್ದು, ಬ್ರೇಕಿನ ಗಾಳಿ ಬಿಟ್ಟ ಸದ್ದು. ಬೈಯಲಿ ಎಂದು ಕಾದೆ.

"ಅಂದ್ರ ನನ್ನ ಮಗಳು ಖರೆ ಹೇಳಿದ್ಲು," ಎಂದರು ಅವರು. ಮತ್ತೇನೂ ಹೇಳದೆ ಫೋನಿಟ್ಟರು.

ಆಮೇಲೆ ತರಬೇತುದಾರರನ್ನು ಕಂಡು ಹೇಳಿದೆ, ಬೈಸಿಕೊಂಡೆ. ಊರಿಗೆ ಮರಳುವ ಬಸ್ಸಿನಲ್ಲಿ ಗುಂಪಿಗೂ ಬರೆದೆ: 'ಅಶ್ವಿನಿ ಬಗ್ಗೆ ನಾನು ಬರೆದದ್ದು ಸುಳ್ಳು. ಯಾವ ಮೂಲವೂ ಇರಲಿಲ್ಲ. ಕ್ಷಮೆ ಇರಲಿ.' ಒಬ್ಬರು ಹೆಬ್ಬೆರಳು ಎತ್ತಿದರು, ಯಾವುದಕ್ಕೆಂದು ತಿಳಿಯಲಿಲ್ಲ. ಒಬ್ಬ ಹಳೆಯ ವಿದ್ಯಾರ್ಥಿ 'ಸರ್, ನೀವೂ ಕಾಪಿ ಹೊಡೆದ್ರಾ?' ಎಂದು ಬರೆದು ಅಳಿಸಿದ. ಕೊನೆಗೆ ಕೆ.ಬಿ.ಯವರ ಒಂದು ಸಾಲು ಬಂತು: 'ತಪ್ಪಾತು ಅಂತ ಬರೀದು ಸಣ್ಣ ಮಾತಲ್ಲರಿ.' ಅದರ ಕೆಳಗೆ ಕೈಮುಗಿಯುವ ಚಿತ್ರಗಳು, ಹೂಗಳು, ಹೃದಯಗಳು ತುಂಬಿ ಹರಿದವು. ಕ್ಷಮೆ ಕೇಳಿದವನು ನಾನು, ಹೂವೆಲ್ಲ ಅವರಿಗೆ. ನಿಜ ಹೇಳುತ್ತೇನೆ, ಆಗಲೂ ಉರಿಯಿತು.

ಮರುದಿನ ಅಶ್ವಿನಿ ಡಾಕ್ಟರ ಮುಂದೆ ಓಡಿ ತೋರಿಸಿದಳು, ಚೀಟಿ ತಂದಳು. ಪಟ್ಟಿಯಲ್ಲಿ ಹೆಸರು ಬಂತು. ಆದರೆ ಆರಿಸುವವರು ನೋಡಿದ ಪಂದ್ಯದಲ್ಲಿ ಅವಳ ಜಾಗದಲ್ಲಿ ಬೇರೊಬ್ಬಳು ಆಡಿ ಮೆಚ್ಚುಗೆ ಪಡೆದಿದ್ದಳು. ಹೀಗಾಗಿ ಅಶ್ವಿನಿ ಹೊರಗೆ ಕಾಯುವವರ ಸಾಲಿಗೆ ಹೋದಳು. ನನ್ನ ಕ್ಷಮೆಗೆ ಆ ಸಾಲಿನಿಂದ ಅವಳನ್ನು ಎತ್ತುವ ಶಕ್ತಿ ಇರಲಿಲ್ಲ.

ಮೊದಲ ಪಂದ್ಯ ಕಲಬುರಗಿಯಲ್ಲಿ, ಮಧ್ಯಾಹ್ನ. ನಾನೂ ಮಹಿಬೂಬನೂ ಹೋದೆವು. ನಮ್ಮಿಂದ ನಾಲ್ಕು ಮೆಟ್ಟಿಲು ಕೆಳಗೆ ಹಣಮಂತರು ಕೂತಿದ್ದರು. ತಂಡದ ಬಟ್ಟೆ ತೊಟ್ಟ ಅಶ್ವಿನಿ ಪಂದ್ಯದ ಮುಕ್ಕಾಲು ಪಾಲು ಬೆಂಚಿನ ಮೇಲೆಯೇ ಇದ್ದಳು. ಕೊನೆಯ ಕಾಲು ಭಾಗದಲ್ಲಿ ಅವಳನ್ನು ಒಳಗೆ ಕರೆದರು. ಬಂದವಳೇ ಎದುರಾಳಿಯ ಕಾಲಡಿಯಿಂದ ಚೆಂಡು ಕಿತ್ತುಕೊಂಡು ಅಷ್ಟುದ್ದ ಹೊಡೆದಳು. ಎಲ್ಲರೂ ಎದ್ದು ಕೂಗಿದರು. ಹಣಮಂತರು ಕೂಗಲಿಲ್ಲ. ಚೆಂಡು ಎಲ್ಲೋ ಇದ್ದರೆ ಅವರ ಕಣ್ಣು ಮಗಳ ಮೊಣಕಾಲಿನ ಮೇಲೆಯೇ ಇತ್ತು. ಡಾಕ್ಟರ ಚೀಟಿ ಆಗಿತ್ತು, ನನ್ನ ತಪ್ಪೊಪ್ಪಿಗೆ ಆಗಿತ್ತು. ಆದರೂ ಅವಳು ಒಂದೊಂದು ಸಲ ತಿರುಗಿದಾಗಲೂ ಅವರ ಕೈ ತಮ್ಮದೇ ಮೊಣಕಾಲನ್ನು ಹಿಡಿದುಕೊಳ್ಳುತ್ತಿತ್ತು.

ನಾವು ಗೆದ್ದೆವು. ಹುಡುಗಿಯರು ತರಬೇತುದಾರರನ್ನು ದಾಟಿ, ಹಾರ ಹಿಡಿದು ನಿಂತ ಗಣ್ಯರನ್ನೂ ದಾಟಿ, ಗೇಟಿನ ಹತ್ತಿರ ಊಟದ ಡಬ್ಬಿಗಳೊಂದಿಗೆ ನಿಂತಿದ್ದ ಕಮಲಾಬಾಯಿಯ ಮೇಲೆ ಹೋಗಿ ಬಿದ್ದರು. ಅಶ್ವಿನಿ ಅವರ ಕೊರಳಿಗೆ ಜೋತುಬಿದ್ದಳು. ಮಹಿಬೂಬ ಆ ಕಡೆಗೇ ನೋಡುತ್ತ ನನ್ನ ಹೆಗಲ ಮೇಲೆ ಕೈಯಿಟ್ಟ.

"ಸರ್, ಅವತ್ತು ಜೇವರ್ಗಿಗಿ ಹೋಗಿದ್ರಲ್ಲ, ಕೆ.ಬಿ. ಸಾಹೇಬ್ರು ಭೆಟ್ಟಿ ಆದ್ರೇನ್ರಿ?"

ಇಡೀ ಗುಂಪಿನಲ್ಲಿ ಯಾರಿಗೂ ಗೊತ್ತಿಲ್ಲದ ಸುದ್ದಿ, ನೂರಕ್ಕೆ ನೂರು ಖಚಿತ, ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಬೇಡಿ ಎಂದು ಅವರು ಹೇಳಿರಲಿಲ್ಲ, ಕೇಳಿದರೆ ಹೇಳುತ್ತಿದ್ದೆ ಎಂದೇ ಅಂದಿದ್ದರು. ಆದರೆ ಒಮ್ಮೆಯೂ ಸ್ಟಿಕ್ ಹಿಡಿಯದ, ರೊಟ್ಟಿ ಬಡಿಯುವ ಹೆಣ್ಣುಮಗಳು ಇಷ್ಟೆಲ್ಲ ಬಲ್ಲಳು ಎಂದು ಗೊತ್ತಾದರೆ ಈ ಜನ ಅವರನ್ನು ಇನ್ನೆಷ್ಟು ಎತ್ತರಕ್ಕೆ ಕೂರಿಸಿಯಾರು!

"ಇಲ್ಲೋ ಮಾರಾಯ," ಎಂದೆ. "ಸಿಗಲಿಲ್ಲ."

"ಭಾಳ ದೊಡ್ಡ ಮನಿಷ್ಯಾ ಇರಬೇಕ್ರಿ ಅಂವ," ಎಂದ ಮಹಿಬೂಬ.

ಗೇಟಿನ ಹತ್ತಿರ ಕಮಲಾಬಾಯಿ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು.

"ಇರಬೇಕು," ಎಂದೆ.